ಪಕ್ಕದ ದೇಶದ ಕ್ಲರ್ಕೇ ಒಳ್ಳೇ ಮೇಷ್ಟ್ರು: ಪಾರ್ಲಿಮೆಂಟುಗಳು ಒಂದರಿಂದ ಒಂದು ಕಲಿಯೋ ಬಗ್ಗೆ

(ಮೊನ್ನೆ ಕೊಟ್ಟ ಉಪನ್ಯಾಸದ ಬರಹ ರೂಪ ಇದು. ಮಾತಾಡಿದ ಧಾಟಿಯನ್ನ ಹೆಚ್ಚು ಕಮ್ಮಿ ಹಾಗೇ ಬಿಟ್ಟಿದೀನಿ, ಕೊನೇಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನ ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ರಾಷ್ಟ್ರೀಯ ಸಂಸತ್ತುಗಳ ಬಲವರ್ಧನೆ, ಪ್ರಾದೇಶಿಕ ಸಹಕಾರ, ಸಾಮರ್ಥ್ಯ ವೃದ್ಧಿ ಅಂತ ಬೋರ್ಡ್ ಬರೆಸಿದ್ರೆ ಫೋಟೋ ತೆಗೆಸ್ಕೊಳ್ಳೋಕೆ ಜನ ಸಿಕ್ತಾರೆ, ಕೂತು ಕೇಳೋಕೆ ಸಿಗೋದು ಕಷ್ಟ. ನೀವು ಬಂದಿದೀರಿ, ಅದಕ್ಕೆ ಪೀಠಿಕೆ ಹಾಕ್ದೆ ನೇರ ವಿಷಯಕ್ಕೇ ಬರ್ತೀನಿ.

ಪೆಸಿಫಿಕ್ ಸಾಗರದಲ್ಲಿ ತುವಾಲು ಅಂತ ದೇಶ ಇದೆ. ಜನಸಂಖ್ಯೆ ಸುಮಾರು 11 ಸಾವಿರ, ಪಾರ್ಲಿಮೆಂಟಲ್ಲಿ ಇರೋದು 16 ಜನ. ಆ ಹದಿನಾರರಲ್ಲಿ ಪ್ರಧಾನಿ, ಮಂತ್ರಿಗಳು, ಸ್ಪೀಕರ್ ಇಷ್ಟು ಜನರನ್ನ ಕಳೆದ್ರೆ ಸರ್ಕಾರವನ್ನ ಪ್ರಶ್ನೆ ಮಾಡೋಕೆ ಉಳಿಯೋರು ಬೆರಳೆಣಿಕೆಯಷ್ಟು. ಆದ್ರೆ ಈ ಪಾರ್ಲಿಮೆಂಟ್ ಮಾಡಬೇಕಾದ ಕೆಲಸ ಮಾತ್ರ ದೊಡ್ಡ ದೇಶದ್ದಷ್ಟೇ. ಬಜೆಟ್ ಪಾಸ್ ಮಾಡ್ಬೇಕು, ಲೆಕ್ಕ ಪರಿಶೋಧಕರ ವರದಿ ಓದ್ಬೇಕು, ಮೀನುಗಾರಿಕೆ ಒಪ್ಪಂದ ನೋಡ್ಬೇಕು, ಹವಾಮಾನದ ಬಗ್ಗೆ ವಿಶ್ವಸಂಸ್ಥೆ ಕೇಳೋ ಕಾನೂನು ಮಾಡ್ಬೇಕು. ದೇಶ ಸಣ್ಣದಾಯ್ತು ಅಂತ ಕೆಲಸ ಸಣ್ಣದಾಗಲ್ಲ, ಮಾಡೋ ಕೈಗಳು ಕಮ್ಮಿ ಆಗತ್ತೆ ಅಷ್ಟೇ. ಕಾಮನ್‌ವೆಲ್ತ್ ಪಾರ್ಲಿಮೆಂಟರಿ ಅಸೋಸಿಯೇಷನ್ ಅಂತ ಆ ದೇಶಗಳ ಶಾಸನ ಸಭೆಗಳ ಒಕ್ಕೂಟ ಇದೆ, ಅದರಲ್ಲಿ ಜನಸಂಖ್ಯೆ 5 ಲಕ್ಷಕ್ಕಿಂತ ಕಮ್ಮಿ ಇರೋ ಕಡೆಯ ಶಾಸನ ಸಭೆಗಳಿಗೇ ಅಂತ ಪ್ರತ್ಯೇಕ ಗುಂಪಿದೆ, ಅಂದ್ರೆ ಇದು ತುವಾಲು ಒಂದರ ಗೋಳಲ್ಲ.

ಸಾಮಾನ್ಯವಾಗಿ ನಾವು ಪಾರ್ಲಿಮೆಂಟ್ ಅಂದ್ರೆ ಸದಸ್ಯರು ಅಂತಷ್ಟೇ ಅನ್ಕೋತೀವಿ. ಟೀವೀಲಿ ಕಾಣೋದು ಅವರೇ, ಕೂಗಾಡೋದು ಅವರೇ. ಆದ್ರೆ ಸದಸ್ಯರು ಚುನಾವಣೆಗೊಮ್ಮೆ ಬದಲಾಗ್ತಾರೆ, ಕಮಿಟಿ ಅಧ್ಯಕ್ಷರ ಹಿಂದಿನ ಕುರ್ಚೀಲಿ ಫೈಲ್ ಹಿಡ್ಕೊಂಡು ಕೂತಿರೋ ಕಾರ್ಯದರ್ಶಿ ಉಳೀತಾರೆ, ರೀಸರ್ಚ್ ಮಾಡೋರು ಉಳೀತಾರೆ, ಸದನದ ಮಾತನ್ನೆಲ್ಲ ದಾಖಲು ಮಾಡೋರು ಉಳೀತಾರೆ. ನಾನು ಈ ವಿಷಯ ಓದ್ತಾ ಓದ್ತಾ ಬಂದ ಅಭಿಪ್ರಾಯ ಇದು: ಪಾರ್ಲಿಮೆಂಟಿಗೆ ಬಲ ಬರೋದು ಈ ಹಿಂದಿನ ಕುರ್ಚೀಲಿ ಕೂತೋರಿಂದ, ಮತ್ತೆ ಅವರಿಗೆ ಚೆನ್ನಾಗಿ ಕಲಿಸೋರು ಯಾರು ಅಂದ್ರೆ ಎಲ್ಲೋ ದೂರದ ದೊಡ್ಡ ಪಾರ್ಲಿಮೆಂಟಿನ ತಜ್ಞರಿಗಿಂತ ಪಕ್ಕದ ದೇಶದಲ್ಲಿ ಇದೇ ಕುರ್ಚೀಲಿ ಕೂತು ಇದೇ ಕಷ್ಟ ಪಟ್ಟೋರು. ದೊಡ್ಡೋರಿಂದ ಏನೂ ಕಲಿಯೋಕಾಗಲ್ಲ ಅಂತಲ್ಲ, ಅದನ್ನ ಮುಂದೆ ಹೇಳ್ತೀನಿ.

ಮೊದಲು ಫಿಜಿ ಕಥೆ. 2006ರ ಡಿಸೆಂಬರಲ್ಲಿ ಅಲ್ಲಿ ಸೈನ್ಯ ಅಧಿಕಾರ ಹಿಡೀತು, ಪಾರ್ಲಿಮೆಂಟ್ ಬಾಗಿಲು ಹಾಕ್ತು. ಮತ್ತೆ ಚುನಾವಣೆ ನಡೆದದ್ದು 2014ರ ಸೆಪ್ಟೆಂಬರಲ್ಲಿ, 50 ಜನ ಸದಸ್ಯರ ಹೊಸ ಸದನ ಸೇರಿದ್ದು ಅಕ್ಟೋಬರಲ್ಲಿ. ಹೆಚ್ಚು ಕಮ್ಮಿ ಎಂಟು ವರ್ಷದ ಖಾಲಿ ಜಾಗ. ಇದರ ಅರ್ಥ ಏನು ಅಂತ ಸ್ವಲ್ಪ ಯೋಚನೆ ಮಾಡಿ, ಸದಸ್ಯರಲ್ಲಿ ಬಹುಪಾಲು ಹೊಸಬರು, ಸಂವಿಧಾನ 2013ರದ್ದು ಅದೂ ಹೊಸದು, ಸದನದ ನಿಯಮಾವಳಿ ಹೊಸದು, ಹಳೇ ಸಿಬ್ಬಂದಿ ಬೇರೆ ಬೇರೆ ಕಡೆ ಹೋಗಿದಾರೆ, ಇನ್ನು ಕಮಿಟಿ ಸಭೆ ಹೇಗೆ ನಡೆಸೋದು ಅಂತ ಯಾರನ್ನ ಕೇಳೋದು? ವಿಶ್ವಸಂಸ್ಥೆಯ ಯುಎನ್‌ಡಿಪಿ (ಅದರ ಅಭಿವೃದ್ಧಿ ವಿಭಾಗ) ಅಲ್ಲಿ ದೊಡ್ಡ ಪ್ರಾಜೆಕ್ಟ್ ಹಾಕ್ತು, ನ್ಯೂಜಿಲೆಂಡ್ ಆಸ್ಟ್ರೇಲಿಯಾ ಕಡೆಯಿಂದ ಅಧಿಕಾರಿಗಳು ಬಂದು ಜೊತೇಲಿ ಕೂತು ಕೆಲಸ ಮಾಡಿದ್ರು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಪಾರ್ಲಿಮೆಂಟಿಗೂ ಫಿಜಿಗೂ ಜೋಡಿ ಸಂಬಂಧ ಇದೆ, ಅವರು ಟ್ವಿನ್ನಿಂಗ್ ಅಂತ ಕರೀತಾರೆ. ಹಾಗೇ ಟಾಸ್ಮೇನಿಯಾಗೆ ಸಮೋವಾ, ನ್ಯೂ ಸೌತ್ ವೇಲ್ಸಿಗೆ ಸಾಲೊಮನ್ ದ್ವೀಪಗಳು ಮತ್ತೆ ಪಾಪುವಾ ನ್ಯೂಗಿನಿಯ ಸ್ವಾಯತ್ತ ಪ್ರದೇಶ ಬೂಗನ್‌ವಿಲ್, ಸೌತ್ ಆಸ್ಟ್ರೇಲಿಯಾಗೆ ಟೋಂಗಾ. ಇಲ್ಲಿ ಗಮನಿಸಿ, ಜೋಡಿ ಮಾಡಿರೋದು ಕ್ಯಾನ್‌ಬೆರಾದ ರಾಷ್ಟ್ರೀಯ ಪಾರ್ಲಿಮೆಂಟನ್ನಲ್ಲ, ರಾಜ್ಯದ ಪಾರ್ಲಿಮೆಂಟನ್ನ. ಟಾಸ್ಮೇನಿಯಾದಂಥ ಸಣ್ಣ ಸದನದ ಕ್ಲರ್ಕಿಗೆ ಸಣ್ಣ ಸದನದ ಸಮಸ್ಯೆ ಬಿಡಿಸಿ ಹೇಳಬೇಕಾಗಿಲ್ಲ. (ಕ್ಲರ್ಕ್ ಅಂದ್ರೆ ಇಲ್ಲಿ ಗುಮಾಸ್ತ ಅಲ್ಲ, ಸದನದ ಅತ್ಯುನ್ನತ ಅಧಿಕಾರಿ.)

ನನಗೆ ತುಂಬಾ ಇಷ್ಟ ಆದ ಪ್ರಯೋಗ ಇದೇ ಫಿಜಿಯಲ್ಲಿ ಶುರುವಾಗಿ ಪೆಸಿಫಿಕ್ ದೇಶಗಳಿಗೆ ಹರಡಿದ್ದು, ಅದರ ಹೆಸರು ಫ್ಲೋಟಿಂಗ್ ಬಜೆಟ್ ಆಫೀಸ್. ಅಂದ್ರೆ ಊರೂರು ತಿರುಗೋ ಬಜೆಟ್ ಕಚೇರಿ. ಬಜೆಟ್ ಅನ್ನೋದು ಬಂದಾಗ ಏನಾಗತ್ತೆ ನೋಡಿ. ಹಣಕಾಸು ಮಂತ್ರಿ ಭಾಷಣ ಓದ್ತಾರೆ, ಸದಸ್ಯರ ಮೇಜಿನ ಮೇಲೆ ದಪ್ಪ ದಪ್ಪ ಪುಸ್ತಕ ಬೀಳತ್ತೆ, ಚರ್ಚೆಗೆ ಇರೋದು ಕೆಲವೇ ದಿನ. ಹಣಕಾಸು ಇಲಾಖೇಲಿ ಇದನ್ನ ತಿಂಗಳುಗಟ್ಟಲೆ ತಯಾರು ಮಾಡಿರ್ತಾರೆ, ಸದಸ್ಯರ ಕಡೆ ಅದನ್ನ ಓದಿ ಹೇಳೋಕೆ ಒಬ್ಬ ಅರ್ಥಶಾಸ್ತ್ರ ಗೊತ್ತಿರೋರೂ ಇರಲ್ಲ. ದೊಡ್ಡ ದೇಶಗಳು ಇದಕ್ಕೇ ಅಂತ ಸ್ವಂತ ಕಚೇರಿ ಇಟ್ಕೊಂಡಿವೆ, ಅಮೆರಿಕಾದಲ್ಲಿ 1974ರಿಂದ ಇದೆ, ಉಗಾಂಡಾ 2001ರ ಬಜೆಟ್ ಕಾಯ್ದೆಯಲ್ಲೇ ತನ್ನ ಪಾರ್ಲಿಮೆಂಟಿಗೆ ಬಜೆಟ್ ಕಚೇರಿ ಮಾಡ್ಕೊಂಡ್ತು. ಆದ್ರೆ 16 ಜನರ ಪಾರ್ಲಿಮೆಂಟು ವರ್ಷಕ್ಕೆ ಎರಡು ವಾರದ ಕೆಲಸಕ್ಕೆ ಪೂರ್ತಿ ಕಚೇರಿ ಸಾಕೋಕಾಗತ್ತಾ?

ಅದಕ್ಕೆ ಅವರು ಕಂಡ್ಕೊಂಡ ದಾರಿ, ಒಂದು ದೇಶದಲ್ಲಿ ಬಜೆಟ್ ಬಂದಾಗ ಸುತ್ತಲ ದೇಶಗಳ ಪಾರ್ಲಿಮೆಂಟ್ ಸಿಬ್ಬಂದೀಲಿ ಕೆಲವರು ಅಲ್ಲಿಗೆ ಹೋಗ್ತಾರೆ. ಸ್ಥಳೀಯ ಸಿಬ್ಬಂದಿ ಜೊತೆ ಒಂದು ರೂಮಲ್ಲಿ ಕೂತು ಆರೋಗ್ಯಕ್ಕೆ ಎಷ್ಟು, ಶಿಕ್ಷಣಕ್ಕೆ ಎಷ್ಟು, ಹೋದ ವರ್ಷ ಕೊಟ್ಟದ್ದರಲ್ಲಿ ಖರ್ಚಾಗಿದ್ದೆಷ್ಟು, ಸಾಲ ಎಷ್ಟು ಏರಿದೆ ಅಂತ ಇಲಾಖೆವಾರು ಬಿಡಿಸಿ, ಸದಸ್ಯರು ಕೂತಲ್ಲೇ ಓದಿ ಮುಗಿಸೋ ಹಾಗೆ ಚಿಕ್ಕ ಚಿಕ್ಕ ಟಿಪ್ಪಣಿ ಮಾಡ್ತಾರೆ. ಸರ್ಕಾರದ ಕಡೆಯವರಿಗೂ ಅದೇ, ವಿರೋಧ ಪಕ್ಷಕ್ಕೂ ಅದೇ. ಬಜೆಟ್ ಒಳ್ಳೇದಾ ಕೆಟ್ಟದ್ದಾ ಅಂತ ಅದರಲ್ಲಿ ಬರೆಯೋ ಹಾಗಿಲ್ಲ, ಅಂಕಿ ಏನು ಹೇಳತ್ತೆ ಅಷ್ಟೇ. ಇವತ್ತು ಫಿಜಿಗೆ ಬಂದು ಕೆಲಸ ಮಾಡಿದೋರು ತಮ್ಮ ದೇಶದ ಬಜೆಟ್ ದಿನ ಅದೇ ಕೆಲಸವನ್ನ ಮನೇಲಿ ಮಾಡ್ತಾರೆ, ಆಗ ಫಿಜಿಯೋರು ಅಲ್ಲಿಗೆ ಹೋಗ್ತಾರೆ. ಇಲ್ಲಿ ಮೇಷ್ಟ್ರು ಯಾರು ವಿದ್ಯಾರ್ಥಿ ಯಾರು ಅಂತ ಹೇಳೋಕಾಗಲ್ಲ, ಅದೇ ಇದರ ಸೊಗಸು. ಹೋಟೆಲ್ ಹಾಲಲ್ಲಿ ಪವರ್‌ಪಾಯಿಂಟ್ ಹಾಕಿ ಮಾಡೋ ಟ್ರೇನಿಂಗಲ್ಲಿ ಹೊಸದಾಗಿ ಏನೂ ತಯಾರಾಗಲ್ಲ, ಇಲ್ಲಿ ನಾಳೆ ಬೆಳಿಗ್ಗೆ ಸದನದಲ್ಲಿ ಒಬ್ಬ ಸದಸ್ಯ ಕೈಯಲ್ಲಿ ಹಿಡ್ಕೊಂಡು ಮಾತಾಡೋ ಕಾಗದ ತಯಾರಾಗತ್ತೆ.

ಇನ್ನು ಟ್ರೇನಿಂಗ್ ಬಗ್ಗೆ. ಟ್ರೇನಿಂಗ್ ಬೇಡ ಅನ್ನೋನಲ್ಲ ನಾನು. ಭಾರತದ ಸಂಸತ್ತಲ್ಲೇ 1976ರಿಂದ ಇದಕ್ಕೆ ಅಂತ ಒಂದು ಘಟಕ ಇದೆ, ಈಗ ಪ್ರೈಡ್ ಅಂತ ಹೆಸರು, ಬೇರೆ ದೇಶಗಳ ಪಾರ್ಲಿಮೆಂಟ್ ಅಧಿಕಾರಿಗಳು ಬಂದು ವಿಧೇಯಕ ಬರೆಯೋದು ಕಲ್ತು ಹೋಗ್ತಾರೆ. ಅಂಥ ವಾರಗಟ್ಟಲೆ ಕೂತು ಕಲಿಯೋ ಕೋರ್ಸಿಗೆ ಅರ್ಥ ಇದೆ. ಎರಡು ದಿನದ ಸೆಮಿನಾರ್ ಇದೆಯಲ್ಲ, ಹೊಸ ಸದಸ್ಯರನ್ನ ಕೂರಿಸಿ ಪ್ರಜಾಪ್ರಭುತ್ವದ ಮೌಲ್ಯಗಳು ಅಂತ ಹೇಳಿ ಸರ್ಟಿಫಿಕೇಟ್ ಕೊಟ್ಟು ಕಳ್ಸೋದು, ಅದು ಹೊಳೇಲಿ ಹುಣಸೇಹಣ್ಣು ತೊಳೆದ ಹಾಗೆ.

ಅದರ ಬದಲು ಪ್ರಶ್ನೆ ಕೇಳೋದು ಹೇಗೆ ಅಂತ ಒಂದು ಮಧ್ಯಾಹ್ನ ಕಲಿಸಿದ್ರೂ ಸಾಕು. ಸರ್ಕಾರದ ಖರ್ಚು ಪರಿಶೀಲಿಸೋ ಲೆಕ್ಕಪತ್ರ ಸಮಿತಿ ಸಭೆಯನ್ನ ಊಹೆ ಮಾಡ್ಕೊಳ್ಳಿ. ಆಂಬ್ಯುಲೆನ್ಸ್ ಖರೀದಿ ಬಗ್ಗೆ ಲೆಕ್ಕ ಪರಿಶೋಧಕರು ಆಕ್ಷೇಪ ಎತ್ತಿದಾರೆ ಅನ್ಕೊಳ್ಳಿ. ಹೊಸ ಸದಸ್ಯ ಕೇಳ್ತಾನೆ, "ಜನರ ದುಡ್ಡು ಹೀಗೆ ಪೋಲು ಮಾಡೋಕೆ ನಿಮಗೆ ನಾಚಿಕೆ ಆಗಲ್ವಾ?" ಎದುರಿಗೆ ಕೂತ ಇಲಾಖೆ ಅಧಿಕಾರಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಬೇಕಾ, "ವಿಷಯ ಪರಿಶೀಲನೆಯಲ್ಲಿದೆ ಸರ್" ಅಂತಾರೆ, ಮುಗೀತು. ಪಳಗಿದ ಕಮಿಟಿ ಕಾರ್ಯದರ್ಶಿ ಹಿಂದಿನ ದಿನವೇ ಅಧ್ಯಕ್ಷರಿಗೆ ಬರ್ಕೊಟ್ಟಿರ್ತಾರೆ: ಟೆಂಡರ್ ಕರೆದ ತಾರೀಕು ಯಾವುದು, ಎಷ್ಟು ಜನ ಬಿಡ್ ಹಾಕಿದ್ರು, ಗಾಡಿ ಬಂದದ್ದು ಯಾವತ್ತು, ದುಡ್ಡು ಕೊಟ್ಟದ್ದು ಯಾವತ್ತು, ಗಾಡಿ ಬರೋ ಮುಂಚೆ ದುಡ್ಡು ಕೊಡೋಕೆ ಸಹಿ ಹಾಕಿದ್ದು ಯಾರು. ಕೂಗಾಟವೇ ಇಲ್ಲ, ಆದ್ರೆ ನಾಲ್ಕನೇ ಪ್ರಶ್ನೆಗೆ ಬರೋ ಹೊತ್ತಿಗೆ ಅಧಿಕಾರಿ ಪಕ್ಕದೋರ ಮುಖ ನೋಡೋಕೆ ಶುರು ಮಾಡ್ತಾರೆ. ಈ ಕಲೆ ಪುಸ್ತಕದಲ್ಲಿ ಸಿಗೋದು ಕಮ್ಮಿ, ಇನ್ನೊಂದು ದೇಶದ ಕಮಿಟಿ ಸಭೇಲಿ ಹಿಂದೆ ಕೂತು ನೋಡಿದ್ರೆ ಬೇಗ ಬರತ್ತೆ. ಆಫ್ರಿಕಾದ ದಕ್ಷಿಣ ಭಾಗದ ದೇಶಗಳ ಲೆಕ್ಕಪತ್ರ ಸಮಿತಿಗಳು ಸಾಡ್ಕೋಪ್ಯಾಕ್ ಅಂತ ಒಕ್ಕೂಟ ಮಾಡ್ಕೊಂಡಿರೋದು ಇದಕ್ಕೇ.

ಲೆಕ್ಕಪತ್ರ ಸಮಿತಿ ಅಂದಾಗ ಇನ್ನೊಂದು ಮಾತು. ಬ್ರಿಟನ್ನಲ್ಲಿ 1861ರಲ್ಲಿ ಶುರುವಾದ ಈ ಸಮಿತಿಗೆ ವಿರೋಧ ಪಕ್ಷದೋರು ಅಧ್ಯಕ್ಷರಾಗೋದು ಎಷ್ಟೋ ದೇಶಗಳಲ್ಲಿ ಪದ್ಧತಿ. ದೊಡ್ಡೋರ ಮಾದರಿ ಸಣ್ಣ ಸದನಕ್ಕೆ ಹೇಗೆ ಕೂರಲ್ಲ ಅನ್ನೋದಕ್ಕೆ ಬಾರ್ಬಡೋಸ್ ನೋಡಿ, 2018ರಲ್ಲಿ ಒಂದೇ ಪಕ್ಷ 30ಕ್ಕೆ 30 ಸೀಟೂ ಗೆದ್ಬಿಡ್ತು. ವಿರೋಧ ಪಕ್ಷವೇ ಇಲ್ಲ, ಅಧ್ಯಕ್ಷರನ್ನ ಎಲ್ಲಿಂದ ತರೋದು? ಆಮೇಲೆ ಗೆದ್ದ ಪಕ್ಷದಲ್ಲೇ ಒಬ್ಬರು ಹೊರಗೆ ಬಂದು ವಿರೋಧ ಪಕ್ಷದ ನಾಯಕರಾದ್ರು. 2022ರಲ್ಲಿ ಮತ್ತೆ 30ಕ್ಕೆ 30. ಗ್ರೆನಡಾದಲ್ಲೂ 2013 ಮತ್ತೆ 2018ರಲ್ಲಿ 15ಕ್ಕೆ 15 ಒಂದೇ ಪಕ್ಷಕ್ಕೆ. ಇಂಥ ಪರಿಸ್ಥಿತೀಲಿ ಬಾರ್ಬಡೋಸಿಗೆ ಉಪಯೋಗಕ್ಕೆ ಬರೋದು ಗ್ರೆನಡಾದ ಅನುಭವ, 650 ಸದಸ್ಯರ ಲಂಡನ್ನಿಂದು ಅಲ್ಲ.

ಕಾನೂನು ಬರೆಯೋ ಕೆಲಸದಲ್ಲಿ ನೆರೆಯವರು ಸೇರಿದ್ರೆ ಏನಾಗತ್ತೆ ಅನ್ನೋದಕ್ಕೆ ಆಫ್ರಿಕಾಕ್ಕೆ ಹೋಗೋಣ. ಅಲ್ಲಿ ದಕ್ಷಿಣದ ದೇಶಗಳ ಪಾರ್ಲಿಮೆಂಟುಗಳು ಸೇರಿ ಸ್ಯಾಡ್ಕ್ ಪಾರ್ಲಿಮೆಂಟರಿ ಫೋರಂ ಅಂತ ಮಾಡ್ಕೊಂಡಿವೆ, 1997ರಲ್ಲಿ ಶುರುವಾಗಿದ್ದು, ಕಚೇರಿ ನಮೀಬಿಯಾದ ವಿಂಡ್‌ಹುಕ್‌ನಲ್ಲಿ. ಇದಕ್ಕೆ ಕಾನೂನು ಮಾಡೋ ಅಧಿಕಾರ ಇಲ್ಲ. ಆದ್ರೆ ಮಾದರಿ ಕಾನೂನು ಬರೀತಾರೆ. 2016ರ ಜೂನಲ್ಲಿ ಬಾಲ್ಯವಿವಾಹ ತಡೆಯೋ ಮಾದರಿ ಕಾನೂನನ್ನ ಒಪ್ಕೊಂಡ್ರು. ಇದಕ್ಕೆ ಒಂದೊಂದೇ ದೇಶ ಯಾಕೆ ಸಾಲಲ್ಲ ಅಂದ್ರೆ, ಒಂದು ದೇಶದಲ್ಲಿ ಮದುವೆ ವಯಸ್ಸು 18 ಮಾಡಿ ಪಕ್ಕದ ದೇಶದಲ್ಲಿ 15 ಇದ್ರೆ ಗಡಿ ದಾಟಿ ಮದುವೆ ಮಾಡ್ಕೊಂಡು ಬರೋಕೆ ಯಾರ ಅಡ್ಡಿ? ಇನ್ನೊಂದು ಸೂಕ್ಷ್ಮ ಇದೆ. ಬಾಲ್ಯವಿವಾಹ ನಿಷೇಧ ಅಂತ ಒಂದು ಸಾಲು ಯಾರು ಬೇಕಾದ್ರೂ ಬರೀಬಹುದು, ಆದ್ರೆ ಆಗಲೇ ಮದುವೆ ಆಗಿಹೋಗಿರೋ ಹುಡುಗಿ ಗತಿ ಏನು, ಆ ಮದುವೆ ಅಸಿಂಧು ಅಂದ್ರೆ ಅವಳ ಮಗುವಿನ ಸ್ಥಾನ ಏನು, ಆಸ್ತಿ ಹಕ್ಕು ಏನು, ಅವಳು ಮತ್ತೆ ಶಾಲೆಗೆ ಹೋಗೋದು ಹೇಗೆ? ಈ ಮಾದರಿ ಕಾನೂನು ಮದುವೆ ಆಗಿಹೋದ ಮಕ್ಕಳ ರಕ್ಷಣೆಯನ್ನ ಹೆಸರಲ್ಲೇ ಸೇರಿಸ್ಕೊಂಡಿದೆ. ಸಣ್ಣ ಕಾನೂನು ಇಲಾಖೇಲಿ ಇಬ್ಬರು ಕೂತು ಇದನ್ನೆಲ್ಲ ಮೊದಲಿಂದ ಯೋಚನೆ ಮಾಡೋದಕ್ಕೂ ಹತ್ತಾರು ದೇಶದ ಕಾನೂನು ಬರೆಯೋರು ಕೂತು ಯೋಚಿಸಿದ್ದು ಕೈಗೆ ಸಿಗೋದಕ್ಕೂ ತುಂಬಾ ವ್ಯತ್ಯಾಸ ಇದೆ.

ಆಮೇಲೆ ಮಲಾವಿ 2017ರಲ್ಲಿ ಸಂವಿಧಾನ ತಿದ್ದುಪಡಿ ಮಾಡಿ ಅಪ್ಪ ಅಮ್ಮ ಒಪ್ಪಿದ್ರೆ 15ಕ್ಕೇ ಮದುವೆ ಅನ್ನೋ ಕಿಂಡಿ ಮುಚ್ಚಿತು, ಮೊಜಾಂಬಿಕ್ 2019ರಲ್ಲಿ ಕಾನೂನು ಮಾಡ್ತು, ಜಿಂಬಾಬ್ವೆ 2022ರಲ್ಲಿ ಹೊಸ ವಿವಾಹ ಕಾಯ್ದೆ ತಂತು. ಇದೆಲ್ಲಾ ಮಾದರಿ ಕಾನೂನಿಂದಲೇ ಆಯ್ತು ಅಂತ ಹೇಳಿದ್ರೆ ಸುಳ್ಳಾಗತ್ತೆ. ಜಿಂಬಾಬ್ವೆಯಲ್ಲಿ ಅದಕ್ಕೂ ಮುಂಚೆ, 2016ರ ಜನವರೀಲಿ, ಸಂವಿಧಾನ ನ್ಯಾಯಾಲಯ 18 ಅಂತ ತೀರ್ಪು ಕೊಟ್ಟಿತ್ತು, ಎಲ್ಲ ಕಡೆ ಹೆಣ್ಮಕ್ಕಳ ಪರ ಹೋರಾಡೋರು ವರ್ಷಗಟ್ಟಲೆ ಒತ್ತಡ ಹಾಕಿದ್ರು. ಒತ್ತಡ ಹಣ್ಣಾಗಿ ಪಾರ್ಲಿಮೆಂಟ್ ಬಾಗಿಲಿಗೆ ಬಂದಾಗ ಮೇಜಿನ ಮೇಲೆ ಒಂದು ಒಳ್ಳೇ ಕರಡು ಇತ್ತು, ಅಷ್ಟು ಹೇಳಬಹುದು. ಮತ್ತೆ ಕಣ್ಮುಚ್ಚಿ ಕಾಪಿ ಹೊಡೆಯೋ ಅಪಾಯವೂ ಇದ್ದೇ ಇದೆ, ತಮ್ಮ ದೇಶದಲ್ಲಿ ಇಲ್ಲದ ಅಧಿಕಾರಿಗೆ ಕಾನೂನಲ್ಲಿ ಅಧಿಕಾರ ಕೊಟ್ಟು ಕೂತ್ರೆ ಅದನ್ನ ಜಾರಿ ಮಾಡೋರು ಯಾರು.

ಆಫ್ರಿಕಾದ್ದೇ ಇನ್ನೊಂದು ಕೊಡುಗೆ ಬಗ್ಗೆ ಜನರಿಗೆ ಗೊತ್ತಿರೋದು ಕಮ್ಮಿ. ವಿಧೇಯಕ, ನಡಾವಳಿ ಇವನ್ನೆಲ್ಲ ಕಂಪ್ಯೂಟರಿಗೆ ಅರ್ಥ ಆಗೋ ರೀತಿ ಒಂದೇ ನಮೂನೇಲಿ ಇಡೋಕೆ ಅಕೋಮ ನ್ತೋಸೋ ಅಂತ ಒಂದು ಸ್ಟ್ಯಾಂಡರ್ಡ್ ಇದೆ. ಅದು ಹುಟ್ಟಿದ್ದು ಆಫ್ರಿಕಾದ ಪಾರ್ಲಿಮೆಂಟುಗಳಿಗೋಸ್ಕರ ವಿಶ್ವಸಂಸ್ಥೆ ನಡೆಸಿದ ಯೋಜನೇಲಿ. 2018ರಲ್ಲಿ ಅದು ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಆಯ್ತು, ಯುರೋಪಿಯನ್ ಒಕ್ಕೂಟದ ಸಂಸ್ಥೆಗಳೂ ಬಳಸ್ತಿವೆ. ಬಡವರು ಕಲಿಯೋರು, ಶ್ರೀಮಂತರು ಕಲಿಸೋರು ಅಂತ ತಲೇಲಿ ಕೂತಿರೋರಿಗೆ ಇದನ್ನ ಹೇಳ್ಬೇಕು.

ಯುರೋಪಿನೋರು ಏನು ಮಾಡಿದಾರೆ ಅಂದ್ರೆ, 1977ರಿಂದ ಅವರ ಪಾರ್ಲಿಮೆಂಟುಗಳ ರೀಸರ್ಚ್ ವಿಭಾಗಗಳ ಜಾಲ ಒಂದಿದೆ. ಒಂದು ದೇಶದ ಕಮಿಟಿಗೆ ಏನೋ ಡೌಟ್ ಬರತ್ತೆ, ಉದಾಹರಣೆಗೆ ಸದಸ್ಯರು ಹೆರಿಗೆ ರಜೇಲಿದ್ದಾಗ ಅವರ ಮತ ಹೇಗೆ ಹಾಕಿಸ್ತೀರಿ ಅಂತ. ಆ ಪ್ರಶ್ನೆ ಎಲ್ಲ ಪಾರ್ಲಿಮೆಂಟಿಗೂ ಹೋಗತ್ತೆ, ಒಬ್ಬೊಬ್ಬರೂ ತಮ್ಮಲ್ಲಿ ಹೇಗಿದೆ ಅಂತ ಬರೆದು ಕಳಿಸ್ತಾರೆ. ವಿಮಾನ ಬೇಡ, ಹೋಟೆಲ್ ಬೇಡ, ಉದ್ಘಾಟನೆ ಬೇಡ. ಇಂಥದ್ದಕ್ಕೆ ಪ್ರಚಾರ ಸಿಗಲ್ಲ, ಅದಕ್ಕೇ ಇದು ಇಷ್ಟು ವರ್ಷ ನಡ್ಕೊಂಡು ಬಂದಿದೆ ಅಂತ ನನ್ನ ಅನುಮಾನ!

ಈಗ ಕಹಿ ಮಾತು. ಇದೆಲ್ಲದರಿಂದ ಕೈಗೆ ಕೆಲಸ ಬರತ್ತೆ, ಅಧಿಕಾರದಲ್ಲಿರೋರಿಗೆ ಮನಸ್ಸು ಬರಲ್ಲ.

ಅದೇ ಫಿಜಿಗೆ ವಾಪಸ್ ಬರೋಣ. ಅಷ್ಟೆಲ್ಲ ನೆರವು, ಅಷ್ಟೆಲ್ಲ ತಯಾರಿ, ಲೆಕ್ಕಪತ್ರ ಸಮಿತಿಗೆ ವಿರೋಧ ಪಕ್ಷದ ಬಿಮನ್ ಪ್ರಸಾದ್ ಅಧ್ಯಕ್ಷರು, ಅರ್ಥಶಾಸ್ತ್ರದ ಪ್ರೊಫೆಸರ್ ಬೇರೆ. ಸಮಿತಿ ಕೆಲಸ ಶುರು ಮಾಡಿದ್ದೇ ತಡ, 2016ರಲ್ಲಿ ಆಡಳಿತ ಪಕ್ಷ ತನ್ನ ಬಹುಮತದಿಂದ ಸದನದ ನಿಯಮಾನೇ ಬದಲಾಯಿಸಿ ಅಧ್ಯಕ್ಷ ಸ್ಥಾನವನ್ನ ತನ್ನ ಕಡೆಗೆ ತಗೊಳ್ತು. ಪ್ರಸಾದ್ ಆಮೇಲೆ 2022ರ ಕೊನೇಲಿ ಸರ್ಕಾರ ಬದಲಾದಾಗ ಹಣಕಾಸು ಮಂತ್ರಿಯೇ ಆದ್ರು, ಅದು ಬೇರೆ ಮಾತು. ಒಂದು ಓಟಿಂಗಲ್ಲಿ ಕಿತ್ತಾಕೋ ನಿಯಮವನ್ನ ಯಾವ ಟ್ರೇನಿಂಗೂ ಕಾಪಾಡಲ್ಲ.

ಮ್ಯಾನ್ಮಾರ್‌ದು ಇನ್ನೂ ಘೋರ. 2011ರ ನಂತರ ಅಲ್ಲಿನ ಪಾರ್ಲಿಮೆಂಟಿಗೆ ಯುಎನ್‌ಡಿಪಿ, ಜಿನೀವಾದ ಅಂತರ ಸಂಸದೀಯ ಒಕ್ಕೂಟ, ಬ್ರಿಟನ್ನಿನ ಕಾಮನ್ಸ್ ಸಭೆಯ ಸಿಬ್ಬಂದಿ ಎಲ್ಲರೂ ಹೋಗಿ ಕಟ್ಟಿದ್ರು, ರೀಸರ್ಚ್ ವಿಭಾಗ ಬಂತು, ಸಿಬ್ಬಂದಿಗೆ ಕಲಿಕಾ ಕೇಂದ್ರ ಬಂತು. 2021ರ ಫೆಬ್ರವರಿ 1, ಹೊಸದಾಗಿ ಆಯ್ಕೆಯಾದ ಪಾರ್ಲಿಮೆಂಟು ಮೊದಲ ಸಲ ಸೇರಬೇಕಿದ್ದ ದಿನ. ಅವತ್ತು ಬೆಳಗಿನ ಜಾವವೇ ಸೈನ್ಯ ಬಂದು ನಾಯಕರನ್ನ ಬಂಧಿಸ್ತು, ಪಾರ್ಲಿಮೆಂಟ್ ಸೇರಲೇ ಇಲ್ಲ. ಆ ಸದಸ್ಯರಲ್ಲಿ ಕೆಲವರು ಕೆಲವೇ ದಿನದಲ್ಲಿ ತಮ್ಮದೇ ಸಮಿತಿ ಮಾಡ್ಕೊಂಡು ನಾವೇ ಆಯ್ಕೆಯಾದ ಪ್ರತಿನಿಧಿಗಳು ಅಂತ ನಿಂತ್ರು, ಅವರ ಧೈರ್ಯಕ್ಕೆ ದೊಡ್ಡ ನಮಸ್ಕಾರ, ಆದ್ರೆ ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳ ಅಂತರ ಸಂಸದೀಯ ಸಭೆ 1977ರಿಂದ ಇದ್ರೂ ಅದರಿಂದ ಇದನ್ನ ತಡೆಯೋಕಾಗ್ಲಿಲ್ಲ.

ಪ್ರಾದೇಶಿಕ ಸಂಸ್ಥೆಗೆ ಹಲ್ಲು ಇದ್ದ ಒಂದು ಪ್ರಸಂಗವನ್ನೂ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಬರೀ ನಿರಾಶೆ ಅನ್ಸತ್ತೆ. ಪೂರ್ವ ಆಫ್ರಿಕಾ ದೇಶಗಳಿಗೆ ಟಾಂಜಾನಿಯಾದ ಅರೂಷಾದಲ್ಲಿ ಒಂದು ಜಂಟಿ ಶಾಸನ ಸಭೆ ಇದೆ, 2001ರಿಂದ. ಪ್ರತಿ ದೇಶದ ಪಾರ್ಲಿಮೆಂಟು ಒಂಬತ್ತು ಜನರನ್ನ ಚುನಾಯಿಸಿ ಕಳಿಸ್ಬೇಕು ಅಂತ ಒಪ್ಪಂದ ಹೇಳತ್ತೆ. 2006ರಲ್ಲಿ ಕೀನ್ಯಾ ಚುನಾವಣೆ ಮಾಡ್ದೆ ಪಕ್ಷಗಳು ಕೊಟ್ಟ ಪಟ್ಟಿಯನ್ನೇ ಕಳಿಸ್ತು. ಅದನ್ನ ಪ್ರಶ್ನಿಸಿ ಕೇಸ್ ಹಾಕಿದ್ರು, ಪೂರ್ವ ಆಫ್ರಿಕಾ ನ್ಯಾಯಾಲಯ ಮೊದಲು ಅವರ ಪ್ರಮಾಣವಚನ ತಡೀತು, 2007ರಲ್ಲಿ ಇದು ಚುನಾವಣೆಯೇ ಅಲ್ಲ ಅಂತ ತೀರ್ಪು ಕೊಡ್ತು. ಸಿಟ್ಟು ಬಂದ ಸರ್ಕಾರಗಳು ತಡೆಯಾಜ್ಞೆ ಬಂದ ಕೆಲವೇ ವಾರದಲ್ಲಿ ಒಪ್ಪಂದಕ್ಕೇ ತಿದ್ದುಪಡಿ ತಂದು ನ್ಯಾಯಾಲಯಕ್ಕೆ ಮೂಗುದಾರ ಹಾಕೋಕೆ ಹೊರಟವು. ಆದ್ರೂ ತೀರ್ಪು ತೀರ್ಪೇ.

ಪ್ರಶ್ನೋತ್ತರದಲ್ಲಿ ಒಬ್ಬರು ಕೇಳಿದ್ರು, "ಇದಕ್ಕೆಲ್ಲ ದುಡ್ಡು ಯಾರದ್ದು? ದಾನಿಗಳು ನಿಲ್ಲಿಸಿದ್ರೆ?"

ಸರಿಯಾದ ಜಾಗಕ್ಕೇ ಕೈ ಹಾಕಿದ್ರಿ ಅಂದೆ. ಪ್ರಾಜೆಕ್ಟಿನ ದುಡ್ಡಲ್ಲಿ ಸಂಬಳ ತಗೊಳ್ಳೋ ರೀಸರ್ಚರ್ ಪ್ರಾಜೆಕ್ಟ್ ಮುಗಿದ ದಿನ ಹೋಗ್ತಾರೆ, ಅವರ ಜೊತೆ ಅವರು ಕಲಿತದ್ದೂ ಹೋಗತ್ತೆ. ಆ ಹುದ್ದೆಯನ್ನ ಪಾರ್ಲಿಮೆಂಟಿನ ಸ್ವಂತ ಸಂಬಳ ಪಟ್ಟಿಗೆ ಯಾವತ್ತು ಸೇರಿಸ್ತೀರಿ ಅಂತ ಪ್ರಾಜೆಕ್ಟ್ ಶುರುವಾಗೋ ಮುಂಚೆ ಬರೆಸ್ಕೋಬೇಕು. ಇದರ ಬುಡದಲ್ಲಿ ಇನ್ನೊಂದು ಸಮಸ್ಯೆ ಇದೆ, ಎಷ್ಟೋ ಕಡೆ ಪಾರ್ಲಿಮೆಂಟಿಗೆ ಎಷ್ಟು ದುಡ್ಡು ಅಂತ ನಿರ್ಧಾರ ಮಾಡೋದು ಹಣಕಾಸು ಇಲಾಖೆ, ಸಿಬ್ಬಂದಿ ವರ್ಗಾವಣೆ ಮಾಡೋದೂ ಸರ್ಕಾರವೇ. ಯಾರನ್ನ ಪ್ರಶ್ನೆ ಮಾಡ್ಬೇಕೋ ಅವರ ಕೈಲೇ ಸಂಬಳ. ಕಾಮನ್‌ವೆಲ್ತ್ ಪಾರ್ಲಿಮೆಂಟರಿ ಅಸೋಸಿಯೇಷನ್ 2006ರಲ್ಲಿ ಪ್ರಜಾಸತ್ತಾತ್ಮಕ ಶಾಸನ ಸಭೆಗಳಿಗೆ ಅಂತ ಮಾನದಂಡ ಮಾಡ್ತು, 2018ರಲ್ಲಿ ಪರಿಷ್ಕರಿಸ್ತು, ಅದರಲ್ಲಿ ಪಾರ್ಲಿಮೆಂಟ್ ತನ್ನ ಸಿಬ್ಬಂದಿ ಮೇಲೆ ತಾನೇ ಹಿಡಿತ ಇಟ್ಕೋಬೇಕು ಅನ್ನೋದು ಮುಖ್ಯ. ಓದಿ ನೋಡಿ, ಒಣಾ ಭಾಷೆ, ಆದ್ರೆ ಒಂದೊಂದು ಅಂಶಕ್ಕೂ ನಮ್ಮಲ್ಲಿ ಇದೆಯಾ ಇಲ್ವಾ ಅಂತ ಟಿಕ್ ಹಾಕ್ತಾ ಹೋಗಬಹುದು.

ಇನ್ನೊಬ್ಬರು, ಕಾಲೇಜ್ ವಿದ್ಯಾರ್ಥಿನಿ ಅನ್ಸತ್ತೆ, "ಒಂದು ಪಾರ್ಲಿಮೆಂಟು ನಿಜವಾಗ್ಲೂ ಬಲ ಆಗಿದೆಯಾ ಅಂತ ಹೊರಗಿನೋರು ಕಂಡುಹಿಡಿಯೋದು ಹೇಗೆ?" ಅಂದ್ರು.

ಎಷ್ಟು ಜನಕ್ಕೆ ಟ್ರೇನಿಂಗ್ ಕೊಟ್ರು ಅನ್ನೋ ವರದಿ ಪಕ್ಕಕ್ಕಿಡಿ ಅಂತ ಹೇಳಿದೆ. ಕಮಿಟಿ ವರದಿ ತೆಗೀರಿ. ಶಿಫಾರಸಿಗೆ ಸರ್ಕಾರ ಉತ್ತರ ಕೊಟ್ಟಿದೆಯಾ, ಎಷ್ಟು ದಿನಕ್ಕೆ ಕೊಟ್ಟಿದೆ ನೋಡಿ. ಬ್ರಿಟನ್ನಲ್ಲಿ ಸರ್ಕಾರದ ಕೆಲಸ ಪರಿಶೀಲಿಸೋ ಸೆಲೆಕ್ಟ್ ಕಮಿಟಿ ವರದಿಗೆ ಸರ್ಕಾರ ಎರಡು ತಿಂಗಳ ಒಳಗೆ ಉತ್ತರ ಕೊಡೋದು ರೂಢಿ, ಯಾವಾಗ್ಲೂ ಪಾಲಿಸ್ತಾರೆ ಅಂತಲ್ಲ, ಆದ್ರೆ ತಪ್ಪಿದ್ರೆ ತಪ್ಪಿದೆ ಅಂತ ಹೇಳೋಕೆ ಒಂದು ಗಡುವು ಇದೆ. ಗಡುವೇ ಇಲ್ಲದ ಕಡೆ ಮೊದಲು ಅದನ್ನ ನಿಯಮಾವಳೀಲಿ ಸೇರಿಸಿ ಅಂತ ಕೇಳ್ಬೇಕು, ಇರೋ ಕಡೆ ಯಾವ ವರದಿಗೆ ಉತ್ತರ ಬಂತು ಯಾವುದಕ್ಕೆ ಇಲ್ಲ ಅಂತ ಪಟ್ಟಿ ಮಾಡಿ ಪಾರ್ಲಿಮೆಂಟಿನ ವೆಬ್‌ಸೈಟಲ್ಲಿ ಹಾಕ್ಬೇಕು. ಆ ಪಟ್ಟಿ ಇಡೋಕೆ ದಾನಿಗಳೂ ಬೇಡ ತಜ್ಞರೂ ಬೇಡ, ಕಮಿಟಿ ವಿಭಾಗದಲ್ಲಿ ಒಬ್ಬರು ವಾರಕ್ಕೊಂದು ಗಂಟೆ ಕೂತ್ರೆ ಆಗತ್ತೆ.